ಹಬ್ಬದ ವಾರ ನೋಡಿದ ಮನೆ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಓಣಿಯ ಬೂ ಮುರ್ವಾನಿ, ಎಂದರೆ ಮುರ್ವಾನಿ ಅಮ್ಮ. ಎರಡು ಸಾವಿರದ ಎರಡನೆಯ ಇಸವಿ, ಆಗಸ್ಟ್ ಹನ್ನೊಂದು, ಭಾನುವಾರ. ಹದಿನೇಳಕ್ಕೆ ಬರುವ ನಮ್ಮ ಇಂಡೋನೇಷ್ಯಾದ ಸ್ವಾತಂತ್ರ್ಯದ ದಿನಕ್ಕೆ ಆರು ದಿನ ಉಳಿದಿತ್ತು. ಪ್ರತಿ ವರ್ಷದಂತೆ ಚಿತಾಯಂನ ನಮ್ಮ ಓಣಿಯವರೆಲ್ಲ ಸೇರಿ ಚರಂಡಿ ಬಳಿದು, ಬೇಲಿಗೆ ಸುಣ್ಣ ಹೊಡೆದು, ಕಾವಲುಕಟ್ಟೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದೆವು. ಕರಿದ ಮರಗೆಣಸಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು.

ಜಕಾರ್ತಾದಲ್ಲಿ ದುಡಿಯುವ ನಾವೆಲ್ಲ ಇಷ್ಟು ದೂರ ಬಂದು ಮನೆ ಮಾಡಿದ್ದು ಯಾಕೆ ಎಂಬ ಮಾತು ಬಂತು. ಒಬ್ಬರು ಅಗ್ಗವೆಂದರು, ಒಬ್ಬರು ಬಾವಿಯ ನೀರು ಸಿಹಿಯೆಂದರು. ಎದುರು ಮನೆಯ ಪಾಕ್ ಉಸ್ಮಾನ್ ಮಾತ್ರ, "ನಾನು ಹೆಂಡ್ತಿ ಹೇಳಿದ್ಳು ಅಂತ ಬಂದೆ. ಅವಳು ಯಾಕೆ ಹೇಳಿದ್ಳು ಅಂತ ಇವತ್ತಿನವರೆಗೂ ಕೇಳಿಲ್ಲ, ಧೈರ್ಯ ಸಾಲ್ದು" ಅಂದರು.

"ನಮ್ಮನೆ ಆರಿಸಿದ್ದು ನಮ್ಮ ಬಾಪಕ್ಕು, ನಮ್ಮಪ್ಪ" ಎಂದರು ಬೂ ಮುರ್ವಾನಿ. "ದೂರದ ಗೊಂಬೊಂಗ್‌ನಲ್ಲಿ ಸ್ಟೇಷನ್ ಮಾಸ್ತರು, ಅವರಿಗೆ ಈ ಕಡೆ ಒಂದು ಕೋಳಿಗೂಡೂ ಇರ್ಲಿಲ್ಲ. ತಾಳಿ, ತರ್ತೀನಿ."

ಒಳಗೆ ಹೋಗಿ ಒಂದು ಕಾಗದದ ಕಟ್ಟು ತಂದರು. ಅಪ್ಪ ಬರೆದದ್ದು ಅವರ ಹತ್ತಿರವೇ ಇತ್ತು. ಇವರು ಬರೆದದ್ದನ್ನು ಅಪ್ಪ ಜೋಪಾನ ಮಾಡಿಟ್ಟಿದ್ದರಂತೆ, ಅಪ್ಪ ಹೋದ ಮೇಲೆ ಅವೂ ಇವರಿಗೇ ಬಂದವು. ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಓದತೊಡಗಿದರು. ಅವರು ಓದಿದ ಹಾಗೆಯೇ ಬರೆಯುತ್ತಿದ್ದೇನೆ.

*

ಮಂಗರಾಯ್, ಜಕಾರ್ತಾ
೮ ಫೆಬ್ರುವರಿ ೧೯೯೩

ಬಾಪಕ್ ಅವರಿಗೆ,

ನಾವು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ.

ಒಂದು ದಾಖಲೆ ಬೇಕಾಗಿದೆ. ನಾನು ಹುಟ್ಟಿದ್ದಕ್ಕೆ ಊರ ಮುಖ್ಯಸ್ಥರ ರುಜು, ಮುದ್ರೆ ಇರುವ ಕಾಗದ. ನಾವು ಬಾಡಿಗೆಗೆ ಇರುವ ಓಣಿಯನ್ನು ಮಾಲೀಕರು ಅಂಗಡಿ ಕಟ್ಟುವವರಿಗೆ ಮಾರಿದ್ದಾರೆ. ವರ್ಷದ ಕೊನೆಯೊಳಗೆ ಬಿಡಬೇಕು. ನಮ್ಮವರು, ಮಾಸ್ ದರ್ಸೊನೊ, ಕೆಲಸ ಮಾಡುವ ಅಚ್ಚುಕೂಟದಲ್ಲಿ ಹತ್ತು ಜನರಿಗೆ ಕಡಿಮೆ ಬಡ್ಡಿಯ ಮನೆಸಾಲ ಕೊಡುತ್ತಾರೆ, ಹದಿನೈದು ವರ್ಷದ ಕಂತು. ಇವರ ಹೆಸರು ಒಂಬತ್ತನೆಯದು. ಊರೊಳಗೆ ನಮಗೆ ಎಟುಕುವ ಮನೆ ಇಲ್ಲ, ಹೊರಗೆ ಎಲ್ಲಾದರೂ ನೋಡಬೇಕು. ಅದಕ್ಕೆ ಗಂಡ ಹೆಂಡತಿ ಇಬ್ಬರ ಜನ್ಮದಾಖಲೆ ಕೇಳುತ್ತಾರೆ. ನನ್ನದು ಇಲ್ಲ.

ಅಂಚೆಯಲ್ಲಿ ಕಳಿಸಿದರೆ ಸಾಕು. ನೀವು ಬರಬೇಕಾಗಿಲ್ಲ.

ಮಗಳು ಸೆಕಾರ್‌ಗೆ ಮುಂದಿನ ತಿಂಗಳು ನಾಲ್ಕು ತುಂಬುತ್ತದೆ.

ಸಲಾಂ,
ಮುರ್ವಾನಿ

*

"ಮದುವೆಯಾಗಿ ಐದು ವರ್ಷಕ್ಕೆ ನಾನು ಅವರಿಗೆ ಬರೆದ ಮೊದಲ್ನೇ ಕಾಗದ ಇದು" ಎಂದು ಹೇಳಿ, ಬೂ ಮುರ್ವಾನಿ ಮುಂದಿನದನ್ನು ಬಿಚ್ಚಿದರು.

*

ಗೊಂಬೊಂಗ್ ಸ್ಟೇಷನ್
೨೦ ಫೆಬ್ರುವರಿ ೧೯೯೩

ಗೆಂದುಕ್, ನನ್ನ ಮಗಳೇ,

ನಿನ್ನ ಕಾಗದ ಬಂತು. ಬಂದ ದಿನವೇ ಸೈಕಲ್ಲು ತುಳಿದುಕೊಂಡು ಮುಖ್ಯಸ್ಥರ ಕಚೇರಿಗೆ ಹೋದೆ. ಗುಮಾಸ್ತ ಹೊಸಬ, ಚಿಕ್ಕ ವಯಸ್ಸು. "ಪಾಕ್, ಮಗಳು ಹುಟ್ಟಿದ ಹೊತ್ತು ನೆನಪಿದೆಯಾ?" ಅಂದ. ಬೆಳಿಗ್ಗೆ ಐದು ಹತ್ತು ಅಂದೆ. "ಅಷ್ಟು ಸರಿಯಾಗಿ ಹೆಂಗೆ ಹೇಳ್ತೀರಿ?" ಅಂದ. ಆಗ ಸಕ್ಕರೆ ಮೂಟೆಯ ಗೂಡ್ಸ್ ಗಾಡಿಯನ್ನು ಸಿಗ್ನಲ್ಲಿನ ಹೊರಗೆ ನಿಲ್ಲಿಸಿದ್ದೆ, ಪುಸ್ತಕದಲ್ಲಿ ಬರೆದಿದೆ ಅಂದೆ. "ಮಗು ಹುಟ್ತು ಅಂತ ಗಾಡಿ ನಿಲ್ಲಿಸಿದ್ರಾ?" ಅಂತ ಕಣ್ಣರಳಿಸಿದ. ಇಲ್ಲಪ್ಪ, ಎದುರುಗಡೆಯಿಂದ ಇನ್ನೊಂದು ಗಾಡಿ ಬರುತ್ತಿತ್ತು ಅಂದೆ. ಅವನಿಗೆ ನಿರಾಸೆಯಾಯಿತು.

ದಾಖಲೆ ಇದರೊಳಗಿದೆ. ಮಡಚುವಾಗ ಮುದ್ರೆಯ ಮೇಲೆ ಗೀರು ಬೀಳದ ಹಾಗೆ ಮಡಚಿದ್ದೇನೆ.

ನೀನು ಕೇಳಿಲ್ಲ, ಆದರೂ ಎರಡು ಮಾತು. ಮನೆ ನೋಡುವಾಗ ಎಷ್ಟು ಕಿಲೋಮೀಟರು ಎಂದು ಕೇಳಬೇಡ, ಎಷ್ಟು ಹೊತ್ತು ಎಂದು ಕೇಳು. ಅದನ್ನೂ ಮನೆ ಮಾರುವವನನ್ನು ಕೇಳಬೇಡ, ದಿನಾ ಹೋಗಿ ಬರುವವನನ್ನು ಕೇಳು. ಮಳೆ ಬಂದ ಮರುದಿನ ಹೋಗಿ ನೋಡು. ಬಾವಿಯ ನೀರು ಕುಡಿದು ನೋಡು. ಶಾಲೆಗೆ ಹೋಗುವಾಗ ಮಗು ದೊಡ್ಡ ರಸ್ತೆ ದಾಟಬೇಕೇ ನೋಡು. ಎಲ್ಲಕ್ಕಿಂತ ಮುಖ್ಯ, ಸಂಜೆ ಹೊತ್ತು ಆ ಓಣಿಯಲ್ಲಿ ಗಂಡಸರು ಕಾಣುತ್ತಾರೆಯೇ ನೋಡು. ಕಾಣದಿದ್ದರೆ ಅವರಿನ್ನೂ ರಸ್ತೆಯಲ್ಲಿದ್ದಾರೆ ಎಂದರ್ಥ.

ಜೂನ್ ಮೂವತ್ತಕ್ಕೆ ನನ್ನ ನಿವೃತ್ತಿ. ದರ್ಸೊನೊಗೆ ನನ್ನ ಸಲಾಂ ಹೇಳು. ಮಗುವಿಗೂ.

ನಿನ್ನ ಅಪ್ಪ,
ಕಾರ್ತಿಜೊ

*

ಮಂಗರಾಯ್
೪ ಏಪ್ರಿಲ್ ೧೯೯೩

ಬಾಪಕ್,

ದಾಖಲೆ ಸಿಕ್ಕಿತು, ಸಾಲ ಮಂಜೂರಾಯಿತು. ಉಪಕಾರವಾಯಿತು. ರಂಜಾನ್ ಉಪವಾಸ ಮುಗಿದ ಲೆಬರಾನ್ ಹಬ್ಬದ ಶುಭಾಶಯ ತಡವಾಗಿ ಹೇಳುತ್ತಿದ್ದೇನೆ. ನಾವು ಈ ಸಲವೂ ಎಲ್ಲಿಗೂ ಹೋಗಲಿಲ್ಲ.

ಮನೆ ಸಿಕ್ಕಿದೆ. ಬೆಕಾಸಿ ದಾಟಿ, ಚಿಕಾರಾಂಗ್‌ನ ಆಚೆ. ಗ್ರಿಯಾ ಕೆನಾಂಗಾ ಎಂದು ಹೊಸದಾಗಿ ಕಟ್ಟುತ್ತಿರುವ ಬಡಾವಣೆ. ಹಬ್ಬದ ಮೂರನೆಯ ದಿನ ಅವರದೇ ಕಾರು ಬಂದು ನಮ್ಮನ್ನು ಕರೆದುಕೊಂಡು ಹೋಯಿತು. ಕೈಗಡಿಯಾರ ನೋಡಿಕೊಂಡೇ ಕೂತಿದ್ದೆ, ನೀವು ಹೇಳಿದ್ದಿರಲ್ಲ. ಸರಿಯಾಗಿ ಮೂವತ್ತೈದು ನಿಮಿಷ. ಮಾರುವವನು ತಮಾಷೆಯ ಮನುಷ್ಯ. "ಬೂ, ನೀವು ಅನ್ನಕ್ಕೆ ಇಟ್ಟು ಯಜಮಾನ್ರನ್ನ ಕಳಿಸಿ. ಅನ್ನ ಬೇಯೋದ್ರೊಳಗೆ ಅವರು ಅಚ್ಚುಕೂಟದಲ್ಲಿ ಇರ್ತಾರೆ" ಅಂದ. ಮಾಸ್ ದರ್ಸೊನೊ, "ಹಂಗಾದ್ರೆ ಊಟಕ್ಕೂ ಮನೆಗೇ ಬರ್ತೀನಿ" ಅಂದರು. ಈಗ ದಿನಾ ಮಧ್ಯಾಹ್ನ ಬರುತ್ತಾರಲ್ಲ, ಅಚ್ಚುಕೂಟ ನಮ್ಮ ಓಣಿಯಿಂದ ಎರಡು ಬೀದಿ.

ಎರಡು ಕೋಣೆ, ಮುಂದೆ ಅಂಗಳ. ಸೆಕಾರ್ ಓಡಿಹೋಗಿ ಅಂಗಳದ ನಡುವೆ ನಿಂತು, "ಇಲ್ಲಿ ಪೇರಲೆ ಗಿಡ" ಅಂದಳು. ಆ ಅಂಗಳ ನೋಡಿ ನನಗೆ ನಮ್ಮ ಸ್ಟೇಷನ್ ಮನೆಯ ಹಿತ್ತಲು ನೆನಪಾಯಿತು. ಅಮ್ಮ ಇದ್ದಾಗ ಹಳೆಯ ಹಳಿಯ ತುಂಡು ನೆಟ್ಟು ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಗಾಡಿ ಹೋದಾಗಲೆಲ್ಲ ನಿಮ್ಮ ಬಿಳಿ ಅಂಗಿಗೆ ಮಸಿ ಕೂರುತ್ತಿತ್ತು, ಅಮ್ಮ ಗಾಡಿಗೆ ಬೈಯುತ್ತಿದ್ದರು. ನಾನು ಊಟದ ಕ್ಯಾರಿಯರ್ ಹಿಡಿದು ನಿಮ್ಮ ಮೇಜಿಗೆ ತರುತ್ತಿದ್ದೆ. ಮನೆಯಿಂದ ಮೂವತ್ತು ಹೆಜ್ಜೆ. ದಿನಾ ಎಣಿಸುತ್ತಿದ್ದೆ. ನಾನು ದೊಡ್ಡವಳಾದಂತೆ ಇಪ್ಪತ್ತನಾಲ್ಕಾಯಿತು.

ಮುಂಗಡ ಕೊಟ್ಟಿದ್ದೇವೆ. ಜುಲೈ ಮೂವತ್ತೊಂದಕ್ಕೆ ಕಾಗದಪತ್ರಕ್ಕೆ ರುಜು. ಆಮೇಲೆ ಹದಿನೈದು ವರ್ಷ ಅದೇ ನಮ್ಮ ಮನೆ.

ಸಲಾಂ,
ಮುರ್ವಾನಿ

*

ಗೊಂಬೊಂಗ್ ಸ್ಟೇಷನ್
೧೭ ಏಪ್ರಿಲ್ ೧೯೯೩

ಗೆಂದುಕ್,

ಅಂಗಳದ ಸುದ್ದಿ ಓದಿ ಸಂತೋಷವಾಯಿತು. ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಒಂದು ಮಾತಿನ ಹತ್ತಿರ ನಿಂತೆ. ಹಬ್ಬದ ಮೂರನೆಯ ದಿನ ಎಂದು ಬರೆದಿದ್ದೀಯ.

ಮಗಳೇ, ಆ ವಾರ ನಿನ್ನ ಜಕಾರ್ತಾ ನನ್ನ ಸ್ಟೇಷನ್ನಿನಲ್ಲಿತ್ತು.

ಸುಳ್ಳಲ್ಲ. ಹಬ್ಬಕ್ಕೆ ಮುಂಚಿನ ಐದು ದಿನ ಒಂದೊಂದು ಗಾಡಿಯಿಂದಲೂ ಜನ ಕಿಟಕಿಯಲ್ಲಿ ಇಳಿದರು. ಬಾಗಿಲಲ್ಲಿ ಇಳಿಯಲು ಜಾಗವಿರಲಿಲ್ಲ. ಒಬ್ಬ ಹೆಂಗಸು ಮೊದಲು ಮಗುವನ್ನು ನನ್ನ ಕೈಗೆ ಕೊಟ್ಟಳು, ಆಮೇಲೆ ಫ್ಯಾನು, ಆಮೇಲೆ ಅತ್ತೆಯನ್ನು. "ನಿಧಾನ, ಪಾಕ್, ಇವರು ಒಡೆಯೋ ಸಾಮಾನು" ಅಂದಳು. ಅತ್ತೆ ಕಿಟಕಿಯಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಇದ್ದುಕೊಂಡೇ ಸೊಸೆಗೆ ಬೈದರು. ನಿನ್ನ ರಸ್ತೆಯ ಬಸ್ಸು ಓಡಿಸುವವರು, ಅದರಲ್ಲಿ ನೇತಾಡುವವರು, ಅಡ್ಡ ಬರುವವರು, ಅಂಗಡಿಯವರು, ಎಲ್ಲರೂ ಇಲ್ಲಿ ಹಬ್ಬದ ಕೆತುಪತ್ ಕಡುಬು ತಿನ್ನುತ್ತಿದ್ದರು. ಖಾಲಿ ಊರಿನಲ್ಲಿ ಕಾರು ಮೂವತ್ತೈದು ನಿಮಿಷಕ್ಕೆ ಹೋಗದೆ ಏನು ಮಾಡುತ್ತದೆ? ನಲವತ್ತು ವರ್ಷ ಗಾಡಿಯ ಹೊತ್ತು ಬರೆದವನು ಹೇಳುತ್ತಿದ್ದೇನೆ, ಆ ವಾರದ ಗಡಿಯಾರ ಬೇರೆ.

ಅದೇ ಮನೆಯನ್ನು ಒಂದು ಸೋಮವಾರ ನೋಡು. ರುಜು ಹಾಕುವ ಮೊದಲು ನೋಡು. ದರ್ಸೊನೊ ಮಗು ಏಳುವ ಮೊದಲು ಹೊರಟು ಮಲಗಿದ ಮೇಲೆ ಬರುವ ಹಾಗಾದರೆ ಅಂಗಳ ಇದ್ದು ಏನು ಬಂತು?

ಆ ವಾರದ ವಿಷಯ ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಐದು ವರ್ಷದ ಹಿಂದೆ, ಹಬ್ಬ ಕಳೆದ ಮೇಲೆ, ಅದೇ ಜನವನ್ನು ವಾಪಸು ಕಳಿಸುವ ಹೊತ್ತಿನಲ್ಲಿ...

ಗಾಡಿ ಬರುವ ಸಮಯವಾಯಿತು. ನಿಲ್ಲಿಸುತ್ತೇನೆ.

ಕಾರ್ತಿಜೊ

*

ಮಂಗರಾಯ್
೨ ಮೇ ೧೯೯೩

ಬಾಪಕ್ ಅವರಿಗೆ,

ಗಾಡಿ ಬಂತು, ನಿಲ್ಲಿಸಿದಿರಿ. ಮುಂದಿನದನ್ನು ನಾನೇ ಬರೆಯುತ್ತೇನೆ.

ಐದು ವರ್ಷದ ಹಿಂದೆ, ಹಬ್ಬ ಕಳೆದು ಹನ್ನೊಂದನೆಯ ದಿನ ಇಲ್ಲಿ ನನ್ನ ಮದುವೆ. ಮಗಳನ್ನು ಒಪ್ಪಿಸಿ ಕೊಡಬೇಕಾದವನು ಅಪ್ಪ. ನೀವು ಬರಲಿಲ್ಲ. ನಿಮ್ಮ ಬದಲು ಕಾಗದ ಬಂತು, ಚಿಕ್ಕಪ್ಪನಿಗೆ ಅಧಿಕಾರ ಕೊಟ್ಟಿದ್ದೇನೆ ಎಂದು. ಕೆಳಗೆ ಸ್ಟೇಷನ್ನಿನ ಮುದ್ರೆ. ಸಾಮಾನು ಕಳಿಸಿದ ರಸೀದಿಯ ಹಾಗಿತ್ತು. ಓದಿದವರು ಅದನ್ನು ಜೋರಾಗಿ ಓದಿದರು. ನಾನು ಚಿಕ್ಕಪ್ಪನ ಮೊಣಕಾಲಿಗೆ ಹಣೆ ಹಚ್ಚಿ ಆಶೀರ್ವಾದ ತೆಗೆದುಕೊಂಡೆ. ಅವರ ಪಂಚೆಗೆ ಹೊಗೆಸೊಪ್ಪಿನ ವಾಸನೆಯಿತ್ತು. ನಿಮ್ಮ ಪಂಚೆಗೆ ಸೀಮೆಎಣ್ಣೆಯ ವಾಸನೆ ಇರುತ್ತದೆ ಎಂದು ಆಗ ನೆನಪಾಗಿ ಅಳು ಬಂತು. ಮದುಮಗಳು ನಾಚಿಕೆಯಿಂದ ಅಳುತ್ತಾಳೆ ಅಂದುಕೊಂಡರು.

ಮದುವೆಗೂ ಕಾಗದ, ಮನೆಗೂ ಕಾಗದ. ನನಗೆ ನಿಮ್ಮ ವೇಳಾಪಟ್ಟಿ ಬೇಡ. "ಮಾವ ಹೇಳೋದ್ರಲ್ಲಿ ತಪ್ಪೇನಿದೆ?" ಎಂದು ಮಾಸ್ ದರ್ಸೊನೊ ಕೇಳಿದರು. ನೀವು ಅವರ ಮುಖವನ್ನೇ ನೋಡಿಲ್ಲ, ಅವರು ನಿಮ್ಮನ್ನು ವಹಿಸಿಕೊಂಡು ಮಾತಾಡುತ್ತಾರೆ. ಹತ್ತಿರವಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನೀವು ಹೇಳುತ್ತಿದ್ದೀರಲ್ಲವೆ? ನೀವು ಮೂವತ್ತು ಹೆಜ್ಜೆ ದೂರದಲ್ಲಿದ್ದಿರಿ. ನಾನು ಊಟ ತಂದಾಗ ನಿಮ್ಮ ಬೆನ್ನು ಮಾತ್ರ ಕಾಣುತ್ತಿತ್ತು.

ಕೆನಾಂಗಾ ಮನೆಯನ್ನೇ ತೆಗೆದುಕೊಳ್ಳುತ್ತೇವೆ.

ಮುರ್ವಾನಿ

*

ಬೂ ಮುರ್ವಾನಿ ಈ ಕಾಗದವನ್ನು ಮಡಚಿ ಕೆಳಗಿಟ್ಟರು. ಪಾಕ್ ಉಸ್ಮಾನ್, "ಅವರು ಏನು ಬರೆದ್ರು?" ಅಂದರು. "ಏನೂ ಬರೀಲಿಲ್ಲ. ಮೇ ಹೋಯ್ತು, ಜೂನ್ ಹೋಯ್ತು. ದಿನಾ ಅಂಚೆಯವನು ಬರೋ ಹೊತ್ತಿಗೆ ಅಕ್ಕಿ ಆರಿಸೋ ನೆಪ ಮಾಡ್ಕೊಂಡು ಬಾಗಿಲಲ್ಲಿ ಕೂತ್ಕೋತಿದ್ದೆ. ಆ ಎರಡು ತಿಂಗಳು ನಮ್ಮನೇಲಿ ಅನ್ನದಲ್ಲಿ ಒಂದು ಕಲ್ಲೂ ಸಿಗ್ಲಿಲ್ಲ" ಎಂದರು.

*

೯ ಜುಲೈ ೧೯೯೩

ಗೆಂದುಕ್,

ನಿವೃತ್ತನಾದೆ. ಕೆಂಪು ಬಾವುಟ, ಹಸಿರು ಬಾವುಟ, ಸೀಟಿ ಒಪ್ಪಿಸಿದೆ. ಗಡಿಯಾರ ನನ್ನದೇ ಆದ್ದರಿಂದ ನನ್ನ ಹತ್ತಿರ ಉಳಿಯಿತು.

ನಿನ್ನ ಕಾಗದ ಓದಿದೆ. ನೀನು ಬರೆದದ್ದೆಲ್ಲ ನಿಜ. ನನಗೆ ಬರುವ ಕೆಲಸ ಒಂದೇ, ಅದನ್ನು ಮಾಡಿದ್ದೇನೆ.

ಸೋಮವಾರ, ಗ್ರಿಯಾ ಕೆನಾಂಗಾ. ಭಾನುವಾರ ಸಂಜೆಯೇ ಹೋಗಿ ಅಲ್ಲಿನ ಮಸೀದಿಯ ಜಗಲಿಯಲ್ಲಿ ಮಲಗಿದೆ. ಬೆಳಿಗ್ಗೆ ನಾಲ್ಕೂವರೆಗೆ ಬಡಾವಣೆಯ ಬಾಗಿಲಲ್ಲಿ ಅರವತ್ತು ಜನ ಗಂಡಸರು. ಒಂದು ಸಣ್ಣ ವ್ಯಾನು, ಅದರಿಂದ ಇಳಿದು ಬಸ್ಸು, ಬಸ್ಸು ಬದಲಿಸಿ ಇನ್ನೊಂದು ಬಸ್ಸು. ಅಚ್ಚುಕೂಟದ ಬಾಗಿಲಿಗೆ ಏಳು ಹತ್ತು. ಎರಡು ಗಂಟೆ ನಲವತ್ತು ನಿಮಿಷ. ಬಸ್ಸಿನಲ್ಲಿ ನನ್ನ ಪಕ್ಕ ಇಬ್ಬರು ನಿಂತಿದ್ದರು. ಒಬ್ಬ ಅಲ್ಲಿ ಮನೆ ಮಾಡಿ ವರ್ಷವಾದವನು. "ನನ್ನ ಮಗ ನನ್ನನ್ನ ಭಾನುವಾರದ ಮಾವ ಅಂತಾನೆ, ಪಾಕ್. ಅಪ್ಪ ಅಂದ್ರೆ ಗೋಡೇಲಿರೋ ಫೋಟೋ ತೋರಿಸ್ತಾನೆ" ಎಂದು ನಗುತ್ತಲೇ ಹೇಳಿದ. ಇನ್ನೊಬ್ಬ ಯುವಕ, ಬೆರಳ ತುದಿಯೆಲ್ಲ ಕಪ್ಪು. ಅವನು ನಗಲಿಲ್ಲ. ನನಗೆ ಸೀಟು ಸಿಕ್ಕಾಗ ಕೂರಿಸಿ, ತನ್ನ ಬಾಳೆಹಣ್ಣಿನಲ್ಲಿ ಅರ್ಧ ಕೊಟ್ಟ. "ನಮ್ಮ ಮಾವ ರೈಲ್ವೆಯವರು. ಅವರು ಮೊದ್ಲೇ ಹೇಳಿದ್ರು. ಈಗ ಹೆಂಡ್ತಿಗೆ ಹೆಂಗೆ ಹೇಳೋದು ಅಂತ ಯೋಚನೆ. ಅವಳು ಅಂಗಳ ನೋಡಿ ಎಷ್ಟೋ ವರ್ಷಕ್ಕೆ ನಕ್ಕಿದ್ಳು" ಅಂದ. ಸಂಜೆ ಅದೇ ದಾರಿ ವಾಪಸು ಹೋದೆ, ಮೂರು ಗಂಟೆ ಐದು ನಿಮಿಷ.

ಮಂಗಳವಾರ, ದೆಪೊಕ್. ಎಲ್ಲ ಸರಿಯಿದೆ, ನಿಮಗೆ ಎಟುಕುವುದಿಲ್ಲ. ಬುಧವಾರ, ಪಾರುಂಗ್ ಪಾಂಜಾಂಗ್. ಬಹಳ ಅಗ್ಗ, ಆದರೆ ಒಂದು ಗಾಡಿ ತಪ್ಪಿದರೆ ಇನ್ನೊಂದಕ್ಕೆ ಗಡ್ಡ ಬೆಳೆಯುವಷ್ಟು ಕಾಯಬೇಕು.

ಗುರುವಾರ, ಶುಕ್ರವಾರ ಎರಡು ದಿನವೂ ಚಿತಾಯಂ. ಸ್ಟೇಷನ್ನಿನಿಂದ ಎಂಟು ನಿಮಿಷದ ನಡಿಗೆಯಲ್ಲಿ ಒಂದು ಓಣಿ. ಗಾಡಿ ಮಂಗರಾಯ್‌ಗೆ ಐವತ್ತು ನಿಮಿಷ, ತಡವಾದ ದಿನ ಅರವತ್ತೈದು. ಗಾಡಿಯಲ್ಲಿ ನೂಕು ಬಹಳ, ಕೋಳಿಯೂ ಬರುತ್ತದೆ. ಮನೆ ಚಿಕ್ಕದು, ಒಂದೇ ಕೋಣೆ. ಮಾಡು ಎರಡು ಕಡೆ ಸೋರುತ್ತದೆ. ಅಂಗಳ ಇಲ್ಲ. ಆದರೆ ಸಂಜೆ ಐದೂವರೆಗೆ ಆ ಓಣಿಯ ಕಟ್ಟೆಯ ಮೇಲೆ ಏಳು ಜನ ಗಂಡಸರು ಮಕ್ಕಳನ್ನು ಎತ್ತಿಕೊಂಡು ಕೂತಿದ್ದರು. ಎಣಿಸಿದೆ.

ಉಳಿದದ್ದು ನಿಮ್ಮ ಇಷ್ಟ.

ಕಾರ್ತಿಜೊ

*

ಮಂಗರಾಯ್
೧೪ ಜುಲೈ ೧೯೯೩

ಬಾಪಕ್,

ಈ ಕಾಗದವನ್ನು ಗೊಂಬೊಂಗ್‌ಗೆ ಬರೆಯುತ್ತಿಲ್ಲ. ನೀವು ಊರ ಹೆಸರು ಹಾಕಲಿಲ್ಲ, ಆದರೆ ಅಂಚೆಯವರು ಹಾಕಿದ್ದಾರೆ. ಲಕೋಟೆಯ ಮೇಲೆ ಜತಿನೆಗಾರಾದ ಮುದ್ರೆ. ನಲವತ್ತು ವರ್ಷ ಮುದ್ರೆ ಒತ್ತಿದವರು ಇದನ್ನು ಮರೆತಿರಲ್ಲ. ಜತಿನೆಗಾರಾದಲ್ಲಿ ನಿಮಗೆ ಗೊತ್ತಿರುವುದು ನಿಮ್ಮ ಜೊತೆ ಕೆಲಸ ಮಾಡಿದ ಪಾಕ್ ಸಮಿಂಗಾನ್ ಒಬ್ಬರೇ, ಹಾಗಾಗಿ ಅವರ ರೈಲ್ವೆ ವಸತಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ನಮ್ಮಿಂದ ಒಂದೇ ಸ್ಟೇಷನ್ ಆಚೆ. ಹತ್ತು ದಿನ ಆಗಿರಬೇಕು. ಮಸೀದಿಯ ಜಗಲಿಯಲ್ಲಿ ಮಲಗಿದಿರಿ, ಊರವರ ಬಸ್ಸಿನಲ್ಲೆಲ್ಲ ನೇತಾಡಿದಿರಿ. ನಮ್ಮ ಓಣಿ ಮಾತ್ರ ಕಾಣಲಿಲ್ಲವೆ?

ನಿಮ್ಮ ಕಾಗದವನ್ನು ಮಾಸ್ ದರ್ಸೊನೊಗೆ ಓದಿ ಹೇಳಿದೆ. ಅರ್ಧ ಬಾಳೆಹಣ್ಣಿನ ಹತ್ತಿರ ಬಂದಾಗ ಅವರು ತಟ್ಟೆ ಕೆಳಗಿಟ್ಟರು. "ಆ ಅಜ್ಜ... ಬಸ್ಸು ನಿಂತಾಗಲೆಲ್ಲ ಜೇಬಿಂದ ಗಡಿಯಾರ ತೆಗೀತಿದ್ರು" ಅಂದರು. ಭಾನುವಾರ ಗೆಳೆಯನ ಮನೆಗೆ ಹೋಗುತ್ತೇನೆ ಎಂದು ಹೇಳಿ ಅವರೂ ಅದೇ ಮಸೀದಿಯಲ್ಲಿ ಮಲಗಿದ್ದರಂತೆ. ಸೋಮವಾರ ಕೆಲಸಕ್ಕೆ ತಡವಾಗಿ ಮೇಸ್ತ್ರಿಯ ಕೈಲಿ ಬೈಸಿಕೊಂಡರಂತೆ. ಒಂದು ವಾರದಿಂದ ನನಗೆ ಹೇಳಲು ಹೆದರಿಕೊಂಡು ಓಡಾಡುತ್ತಿದ್ದರು. ನನಗೆ ಹೆದರುವ ಇಬ್ಬರು ಗಂಡಸರು ಒಂದೇ ಬಸ್ಸಿನಲ್ಲಿ ಹೋಗಿ ಬಂದಿದ್ದೀರಿ.

ಅಂಗಳ ಹೋಯಿತೆಂದು ಒಂದು ದಿನ ಅತ್ತುಬಿಟ್ಟೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದೆ. ಭಾನುವಾರ ಚಿತಾಯಂ ನೋಡಲು ಹೋಗುತ್ತೇವೆ. ದಾರಿ ತೋರಿಸುವವರು ಬೇಕು. ಬೆಳಿಗ್ಗೆ ಏಳಕ್ಕೆ ಬನ್ನಿ. ಅಥವಾ ಬರಬೇಡಿ. ಆದರೆ ಕಾಗದ ಕಳಿಸಬೇಡಿ.

ಮುರ್ವಾನಿ

*

ಜತಿನೆಗಾರಾ
೧೬ ಜುಲೈ ೧೯೯೩

ಗೆಂದುಕ್,

ಕಾಗದ ಕಳಿಸಬೇಡಿ ಅಂದಿದ್ದೀಯ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ಹೇಳಲು ನನಗೆ ಆಗುವುದಿಲ್ಲ. ಇದನ್ನು ಹೇಳದೆ ಬಂದರೆ ನಿನ್ನ ಮನೆಯ ಅನ್ನ ನನಗೆ ಇಳಿಯುವುದಿಲ್ಲ.

ನಿನ್ನ ಓಣಿ ಕಂಡಿದೆ. ಮೂರು ಸಲ ಬಂದೆ. ಮೂರನೆಯ ಸಲ ತಿರುವಿನಲ್ಲಿ ಸಣ್ಣ ಹುಡುಗಿ ಒಬ್ಬಳು ಚಪ್ಪಲಿ ಎಡ ಬಲ ಮಾಡಿ ಹಾಕಿಕೊಂಡು ನಿಂತಿದ್ದಳು. "ಅಜ್ಜ, ಯಾರು ಬೇಕು?" ಅಂದಳು. ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಸ್ಟೇಷನ್ನಿಗೆ ದಾರಿ ಯಾವುದಮ್ಮ ಅಂದೆ.

"ಅಯ್ಯೋ, ಅಷ್ಟೂ ಗೊತ್ತಿಲ್ವಾ?" ಎಂದು ನನ್ನ ಬೆರಳು ಹಿಡಿದು ಓಣಿಯ ಬಾಯಿವರೆಗೆ ಕರೆದುಕೊಂಡು ಬಂದು ಬಿಟ್ಟಳು. ಸ್ಟೇಷನ್ ಮಾಸ್ತರನಿಗೆ ಮೊಮ್ಮಗಳು ಸ್ಟೇಷನ್ನಿನ ದಾರಿ ತೋರಿಸಿದಳು.

ಬಸ್ಸಿನಲ್ಲಿ ಆ ಬೆರಳ ಮಸಿ ನೋಡಿದಾಗಲೇ ಅನುಮಾನವಿತ್ತು. ಮಾವ ರೈಲ್ವೆಯವರು ಅಂದಾಗ ಗೊತ್ತಾಯಿತು. ಅಳಿಯ ಕೊಟ್ಟ ಹಣ್ಣನ್ನು ತಿಂದು ಸುಮ್ಮನೆ ಇಳಿದು ಹೋದೆ. ಒಳ್ಳೆಯವನನ್ನು ಆರಿಸಿದ್ದೀಯ. ಅದನ್ನು ನಾನು ನೋಡಿ ಹೇಳಬೇಕಾಗಿರಲಿಲ್ಲ.

ಈಗ ಮದುವೆಯ ಮಾತು. ರಜೆ ಸಿಗಲಿಲ್ಲ ಎಂದು ಅಂದು ಬರೆದಿದ್ದೆ. ರಜೆ ಮಂಜೂರಾಗಿತ್ತು. ನನ್ನ ಕೈಕೆಳಗಿನವನು, "ನೀವು ಹೋಗಿ ಬನ್ನಿ ಪಾಕ್, ನಾನಿದ್ದೀನಿ" ಅಂದಿದ್ದ. ಚೀಲ ತುಂಬಿಕೊಂಡು ಪ್ಲಾಟ್‌ಫಾರಂವರೆಗೆ ಬಂದೆ. ಜನ ನೋಡಿದೆ. ನಾನು ಇಲ್ಲದಿದ್ದರೆ ಈ ಗಾಡಿಗಳು ಹೇಗೆ ಹೋಗುತ್ತವೆ ಅನ್ನಿಸಿತು. ಚೀಲ ಇಟ್ಟು ಬಾವುಟ ತೆಗೆದುಕೊಂಡೆ. ಮೊನ್ನೆ ಜುಲೈ ಒಂದನೆಯ ತಾರೀಖು, ನನಗೆ ಕೆಲಸವಿರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತು ನೋಡಿದೆ. ಹದಿನಾಲ್ಕು ಗಾಡಿ ಹೋದವು. ಎಲ್ಲ ಹೊತ್ತಿಗೆ ಸರಿಯಾಗಿ ಹೋದವು.

ನನ್ನ ಬೆನ್ನು ಮಾತ್ರ ಕಾಣುತ್ತಿತ್ತು ಎಂದು ಬರೆದಿದ್ದೀಯ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಬೆಳಗಿನ ಮೊದಲ ಗಾಡಿಗೆ ಹೋಗುವ ಮುಂಚೆ ದಿನಾ ನಿನ್ನ ಹಾಸಿಗೆಯ ಹತ್ತಿರ ನಿಲ್ಲುತ್ತಿದ್ದೆ. ಕಣ್ಣಿಗೆ ಬೆಳಕು ಬೀಳಬಾರದೆಂದು ಲಾಟೀನಿಗೆ ಕೈ ಅಡ್ಡ ಹಿಡಿದುಕೊಂಡು. ನೀನು ಬಾಯಿ ತೆರೆದು ಮಲಗಿರುತ್ತಿದ್ದೆ. ಪಾಪ, ಮಲಗಲಿ ಅಂದುಕೊಂಡು ಹೋಗುತ್ತಿದ್ದೆ. ನನಗೆ ಮಗಳು ಕಂಡಳು, ಮಗಳಿಗೆ ಅಪ್ಪ ಕಾಣಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಎಬ್ಬಿಸಬೇಕಿತ್ತು. ನೀನು ಅಳುತ್ತಿದ್ದೆ, ಬೈಯುತ್ತಿದ್ದೆ. ಆದರೂ ಎಬ್ಬಿಸಬೇಕಿತ್ತು.

ಭಾನುವಾರ ಏಳಕ್ಕೆ ಅಂದಿದ್ದೀಯ. ಆರು ಐವತ್ತಕ್ಕೆ ಬರುತ್ತೇನೆ.

ನಿನ್ನ ಅಪ್ಪ,
ಕಾರ್ತಿಜೊ

*

"ಬಂದ್ರಾ?" ಎಂದು ಪಾಕ್ ಉಸ್ಮಾನ್ ಕೇಳಿದರು.

"ಆರೂ ಮೂವತ್ತಕ್ಕೇ ಬಂದು ಓಣಿ ಬಾಯಲ್ಲಿ ನಿಂತಿದ್ರು. ಆರೂ ಐವತ್ತಾಗ್ಲಿ ಅಂತ ಕಾಯ್ತಾ ಇದ್ರು. ಸೆಕಾರ್ ನೋಡಿಬಿಟ್ಟು, 'ಅಮ್ಮ, ಆ ಅಜ್ಜ ಮತ್ತೆ ದಾರಿ ತಪ್ಪಿಸ್ಕೊಂಡಿದಾರೆ' ಅಂದ್ಳು" ಎಂದರು ಬೂ ಮುರ್ವಾನಿ. ಆ ದಿನ ಬಾಗಿಲಲ್ಲಿ ಯಾರು ಏನು ಮಾತಾಡಿದರು ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಟ್ಟಿನಲ್ಲಿ ಇನ್ನೊಂದೇ ಕಾಗದ ಉಳಿದಿತ್ತು.

*

ಚಿತಾಯಂ
೧೨ ಸೆಪ್ಟೆಂಬರ್ ೧೯೯೩

ಬಾಪಕ್,

ನೀವು ಊರಿಗೆ ಹೋಗಿ ತಿಂಗಳಾಯಿತು. ನಾವು ಮನೆಗೆ ಬಂದು ಹನ್ನೆರಡು ದಿನ. ಮೊದಲು ಅಕ್ಕಿ, ಉಪ್ಪು ತಂದಿಟ್ಟು, ಆಮೇಲೆ ಚಾಪೆ ತಂದೆವು.

ಕೆನಾಂಗಾದವರು ಮುಂಗಡ ವಾಪಸು ಕೊಡಲಿಲ್ಲ. ಆ ತಮಾಷೆಯ ಮನುಷ್ಯ, "ಮುಂದಿನ ಹಬ್ಬಕ್ಕಾದ್ರೂ ಬನ್ನಿ ಬೂ, ಕಾರು ಕಳಿಸ್ತೀನಿ" ಅಂದ.

ನೀವು ಮಾಡು ಹತ್ತಿ ಮುಚ್ಚಿದ ಎರಡು ಜಾಗವೂ ಸೋರುತ್ತಿಲ್ಲ. ನೀವು ಹತ್ತುವಾಗ ಕಾಲಿಟ್ಟ ಜಾಗ ಸೋರುತ್ತಿದೆ. ಅಂಗಳ ಇಲ್ಲದ್ದಕ್ಕೆ ಸೆಕಾರ್ ಡಬ್ಬದಲ್ಲಿ ಪೇರಲೆ ಬೀಜ ಹಾಕಿದ್ದಾಳೆ. ಗಾಡಿಯ ಸದ್ದಿಗೆ ಅಕ್ಕಪಕ್ಕದವರಿಗೆ ನಿದ್ದೆ ಬರುವುದಿಲ್ಲವಂತೆ. ನನಗೆ ಮದುವೆಯಾದ ಮೇಲೆ ಈಗಲೇ ಸರಿಯಾಗಿ ನಿದ್ದೆ ಬರುತ್ತಿದೆ. ಹಾಸಿಗೆಯಲ್ಲಿ ಮಲಗಿ ಕೇಳಿದರೆ, ಅಮ್ಮ ಹಿತ್ತಲಲ್ಲಿ ಬಟ್ಟೆ ತೆಗೆಯಲು ಓಡುತ್ತಿದ್ದಾರೆ ಅನ್ನಿಸುತ್ತದೆ.

ಮಾಸ್ ದರ್ಸೊನೊ ಬೆಳಿಗ್ಗೆ ಐದೂ ನಲವತ್ತರ ಗಾಡಿಗೆ ಹೋಗುತ್ತಾರೆ. ಮಗು ಮಲಗಲಿ ಎಂದು ಮೊದಲನೆಯ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹಾಗೆ ಹೊರಟಿದ್ದರು. ನಾನೇ ತಡೆದು ಸೆಕಾರ್‌ಳನ್ನು ಎಬ್ಬಿಸಿದೆ. ಅತ್ತಳು. ಅಪ್ಪನ ಹೊಟ್ಟೆಗೆ ಒದ್ದಳು. ಆಮೇಲೆ ಬಾಗಿಲವರೆಗೆ ಅವರ ಕುತ್ತಿಗೆಗೆ ಜೋತುಬಿದ್ದು ಹೋಗಿ, ಕೈ ಬೀಸಿ, ಬಂದು ಮಲಗಿದಳು. ಈಗ ದಿನಾ ಹೀಗೆಯೇ. ಒದೆಯುವುದು ಕಡಿಮೆಯಾಗಿದೆ.

ಬರುವ ಹಬ್ಬಕ್ಕೆ ನಾವು ಮೂವರೂ ಗೊಂಬೊಂಗ್‌ಗೆ ಬರುತ್ತೇವೆ. ಬಾಗಿಲಲ್ಲಿ ಜಾಗವಿಲ್ಲದಿದ್ದರೆ ಕಿಟಕಿಯಲ್ಲಿ ಇಳಿಯುತ್ತೇವೆ. ಮೊದಲು ಮಗುವನ್ನು ಕೊಡುತ್ತೇನೆ, ಹಿಡಿದುಕೊಳ್ಳಿ.

ನಿಮ್ಮ ಮೊಣಕಾಲಿಗೆ ಹಣೆ ಹಚ್ಚಿ,
ಮುರ್ವಾನಿ

*

ಬೂ ಮುರ್ವಾನಿ ಕಾಗದ ಮಡಚಿ ಕಟ್ಟಿದರು. ಮರಗೆಣಸು ಆರಿ ಗಟ್ಟಿಯಾಗಿತ್ತು. ಪಾಕ್ ಉಸ್ಮಾನ್ ಎದ್ದು, "ಸುಣ್ಣದ ಬಕೀಟು ಯಾರದು, ತಗೊಂಡು ಹೋಗ್ರಪ್ಪ" ಎಂದು ಬೇರೆ ಮಾತು ತೆಗೆದರು. ಎಲ್ಲರೂ ತಂತಮ್ಮ ಮನೆಗೆ ಹೋದೆವು.

ಈ ಒಂಬತ್ತು ವರ್ಷದಲ್ಲಿ ಚಿತಾಯಂ ಕೂಡ ಬದಲಾಗಿದೆ. ನಮ್ಮ ನಮ್ಮ ಕಚೇರಿಗಳು ನಗರದ ಆಚೆಯ ತುದಿಗೆ ಹೋಗಿವೆ. ಓಣಿಯ ಗಂಡಸರೆಲ್ಲ ನಾಲ್ಕೂ ಐವತ್ತೈದರ ಗಾಡಿ ಹಿಡಿಯುತ್ತೇವೆ, ತಿರುಗಿ ಬರುವಾಗ ಮಕ್ಕಳು ಮಲಗಿರುತ್ತಾರೆ.

ಮರುದಿನ ಸೋಮವಾರ ಬೆಳಿಗ್ಗೆ ನಾಲ್ಕೂವರೆಗೆ ನಾನು ನನ್ನ ಕಿರಿಯ ಮಗನ ಭುಜ ಹಿಡಿದು ಅಲುಗಿಸಿದೆ. ಅವನು ಒಂದು ಕಣ್ಣು ತೆರೆದು, ನನ್ನನ್ನು ನೋಡಿ, ಕಿಟಾರನೆ ಕಿರುಚಿಕೊಂಡ. ಹೆಂಡತಿ ಎದ್ದು, "ನಿಮಗೇನು ಬಂತು ಬೆಳಬೆಳಿಗ್ಗೆ? ಈಗ ಇವನನ್ನ ಯಾರು ಮಲಗಿಸ್ತಾರೆ?" ಎಂದು ಬೈಯುತ್ತಿರುವಾಗಲೇ ಪಕ್ಕದ ಮನೆಯಲ್ಲಿ ಒಂದು ಮಗು ಅಳತೊಡಗಿತು. ಅದರ ಆಚೆ ಮನೆಯಲ್ಲಿ ಎರಡು. ಎದುರು ಮನೆಯಲ್ಲಿ ಪಾಕ್ ಉಸ್ಮಾನರ ಹೆಂಡತಿಯ ಧ್ವನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. ನೋಡುತ್ತ ನೋಡುತ್ತ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹನ್ನೊಂದು ಮನೆಯಲ್ಲಿ ದೀಪ ಹತ್ತಿತು. ಹನ್ನೊಂದು ಮನೆಯ ಮಕ್ಕಳೂ ಅಳುತ್ತಿದ್ದರು, ಹೆಂಗಸರು ಬೈಯುತ್ತಿದ್ದರು.

ನನ್ನ ಮಗ ಸುಮ್ಮನಾಗುವ ಹೊತ್ತಿಗೆ ನನ್ನ ಅಂಗಿಯ ಹೆಗಲು ನೆನೆದಿತ್ತು. ಬಾಗಿಲಲ್ಲಿ ಕೆಳಗಿಳಿಸಲು ಹೋದರೆ ಬಿಡಲೊಲ್ಲ. ಹೇಗೋ ಬಿಡಿಸಿಕೊಂಡು ಓಡಿದೆ. ಹಿಂದಿನಿಂದ, ಪಕ್ಕದಿಂದ ಚಪ್ಪಲಿಯ ಸದ್ದು, ಎಲ್ಲರೂ ಓಡುತ್ತಿದ್ದರು. ಪ್ಲಾಟ್‌ಫಾರಂ ಮುಟ್ಟುವಷ್ಟರಲ್ಲಿ ಗಾಡಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗುತ್ತಿತ್ತು. ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡದೆ, ಒದ್ದೆ ಹೆಗಲುಗಳನ್ನು ಗಾಳಿಗೆ ಒಡ್ಡಿಕೊಂಡು, ಮುಂದಿನ ಗಾಡಿಗೆ ಕಾಯುತ್ತ ನಿಂತೆವು.